ಗಾಳಿಯಾಡಲಿ ಎನ್ನುತ್ತಿದ್ದವರು

ಸರ್ ತೀರಿಕೊಂಡ ಮೇಲೆ ಬಸವನ ಬಾಗೇವಾಡಿಯಲ್ಲಿ ಒಂದು ನುಡಿನಮನ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರ ತಾಳ್ಮೆಯನ್ನೇ ಹೊಗಳಿದರು. ಅವರು ಕೆಲಸ ಮಾಡಿದ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಂತೂ "ಬರೆದದ್ದನ್ನು ವರ್ಷಗಟ್ಟಲೆ ಮಾಗಲು ಬಿಡುತ್ತಿದ್ದ ತಪಸ್ವಿ" ಎಂದು ಹೇಳಿ ಕಣ್ಣೊರೆಸಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಎದುರಾಳಿ ಮಾತಾಡುವಾಗ ಖಂಡಿಸಬೇಕಾದ ಅಂಶಗಳಿಗೆ ಒಂದೊಂದೇ ಬೆರಳು ಮಡಚುವುದು ಚರ್ಚಾಸ್ಪರ್ಧೆಯಿಂದ ಬಂದ ಚಟ. ಅಧ್ಯಕ್ಷರು ಮುಗಿಸುವ ಹೊತ್ತಿಗೆ ಎರಡೂ ಕೈ ಮುಷ್ಟಿಯಾಗಿದ್ದವು.

ಸಭೆ ಮುಗಿದ ಮೇಲೆ ಸಂಘಟಕರೊಬ್ಬರು ಹತ್ತಿರ ಬಂದರು. "ಸರ್ ನೆನಪಿಗೆ ಒಂದು ಸಂಚಿಕಿ ತರಾಕತ್ತೇವಿ ತಂಗಿ. ನೀ ಅವರ ಪ್ರೀತಿ ಶಿಷ್ಯಳು, ಒಂದು ಲೇಖನ ಕೊಡು. ಅವಸರೇನಿಲ್ಲ. ಬರದು ನಾಕು ದಿನ ಇಟ್ಟು, ಆಮ್ಯಾಲ ತಿದ್ದಿ ಕೊಡು. ಸರ್ ಹೇಳತಿದ್ರಲ್ಲ, ಹಂಗ."

"ಇಡೂದಿಲ್ರಿ."

"ಅಂದ್ರ?"

"ಬರದ ದಿನಾನ ಕೊಡ್ತೇನಿ. ಹಾಕೂದಾದ್ರ ಹಾಕ್ರಿ."

ಇದು ಆ ಲೇಖನ.

ಸರ್ ನನಗೆ ಪಿಯುಸಿಯಲ್ಲಿ ಕನ್ನಡ ಹೇಳಿದವರು. ಚರ್ಚಾಸ್ಪರ್ಧೆಗೆ ಹುಡುಗರನ್ನು ತಯಾರು ಮಾಡುವುದೂ ಅವರದೇ ಕೆಲಸ. ಮೊದಲ ದಿನ ಅವರು ಹೇಳಿದ್ದಕ್ಕೆಲ್ಲ ಆಕ್ಷೇಪ ಎತ್ತಿದೆ. ಬೇರೆಯವರಾಗಿದ್ದರೆ ಹೊರಗೆ ನಿಲ್ಲಿಸುತ್ತಿದ್ದರು. ಇವರು ಚಾಕ್ ಕೆಳಗಿಟ್ಟು, "ಬಂದ್ಲಪಾ ನಮ್ಮ ವಕೀಲವ್ವ. ಇನ್ನ ನಾ ಹುಷಾರಾಗಿ ಸುಳ್ಳು ಹೇಳಬೇಕು" ಎಂದರು. ಅಂದಿನಿಂದ ಕೊನೆಯವರೆಗೂ ನಾನು ವಕೀಲವ್ವನೇ. ಕರಿಕೋಟು ಹಾಕುವ ಕಾಲ ಬರಲಿಲ್ಲ. ಪದವಿ ಮುಗಿಸಿ ಬಾಗೇವಾಡಿ ಬಸ್‌ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಊರವರ ಅರ್ಜಿ, ಲಗ್ನಪತ್ರ ಟೈಪು ಮಾಡುತ್ತೇನೆ.

ಅವರು ಬಿಸಿ ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಕಪ್ಪಿನಿಂದ ಬಸಿಗೆ ಹೊಯ್ದುಕೊಂಡು, ಊದುತ್ತ, ಮಾತಾಡುತ್ತ, ಮತ್ತೆ ಊದುತ್ತ ಕೂರುವರು. ಮೇಲೆ ಕೆನೆಯ ಪೊರೆ ಕಟ್ಟಿದ ಮೇಲೆ ಬೆರಳಿಂದ ಅದನ್ನು ಸರಿಸಿ ಒಂದೇ ಗುಟುಕಿಗೆ ಕುಡಿಯುವರು. ಅವರ ಮನೆಯವರು ಒಳಗಿನಿಂದ ಕೂಗುತ್ತಿದ್ದರು: "ಎಮ್ಮಿಗೆ ಇಟ್ರೂ ಇಷ್ಟು ಆರಿದ್ದು ಮೂಸಿ ನೋಡೂದಿಲ್ಲ!" ಸರ್ ನಗುತ್ತಿದ್ದರು. "ಬಿಸಿ ಇದ್ದಾಗ ನಾಲಿಗಿಗೆ ಬಿಸಿ ಅಷ್ಟ ತಿಳೀತದ. ಆರಿದ ಮ್ಯಾಲ ಚಾಪುಡಿ ಎಂಥಾದ್ದು, ಹಾಲು ಎಂಥಾದ್ದು, ಎಲ್ಲಾ ತಿಳೀತದ."

ಬರಹಕ್ಕೂ ಅದೇ ನಿಯಮ. ಇಂಡಿಯಲ್ಲಿ ಒಂದು ಅಂತರಕಾಲೇಜು ಸ್ಪರ್ಧೆ ಇತ್ತು. ನಾನು ಭಾಷಣ ಬರೆದು, ಉರು ಹೊಡೆದು, ಓಡಾಡುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಸರ್ ಹಾಳೆಗಳನ್ನು ಕಸಿದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. "ಸ್ಪರ್ಧಾದ ದಿನ ಕೊಡ್ತೇನಿ. ಅಲ್ಲೀತನಕ ಅದನ್ನ ಮರ್ತ ಬಿಡು." ಜಗಳಾಡಿದೆ, ಕೊಡಲಿಲ್ಲ. ಸ್ಪರ್ಧೆಯ ದಿನ ಬಸ್ಸು ಇಂಡಿ ಸಮೀಪಿಸಿ ಕಿಟಕಿಯಲ್ಲಿ ಲಿಂಬಿ ತೋಟಗಳು ಕಾಣತೊಡಗಿದಾಗ ಹಾಳೆ ಕೈಗಿಟ್ಟು ಒಂದು ಪೆನ್ಸಿಲ್ ಕೊಟ್ಟರು. ಓದಿದೆ. ಯಾರೋ ಬರೆದದ್ದನ್ನು ಓದಿದಂತಿತ್ತು. ಚಪ್ಪಾಳೆಗೆಂದೇ ಬರೆದ ಮಾತುಗಳು ಹಾಳೆಯ ಮೇಲೆ ಹಲ್ಲು ಕಿಸಿಯುತ್ತ ನಿಂತಿದ್ದವು. ಎಲ್ಲ ಹೊಡೆದು ಹಾಕಿದೆ. ಬಹುಮಾನ ಬಂತು. ವಾಪಸು ಬರುವಾಗ ಸರ್ ಕಿಟಕಿಯ ಹೊರಗೆ ನೋಡುತ್ತ ಇಡೀ ದಾರಿ ಮೀಸೆಯಲ್ಲೇ ನಕ್ಕರು.

ಹಾಗಾಗಿ, ಬರೆದದ್ದನ್ನು ಇಟ್ಟು ತಿದ್ದಬೇಕು ಎಂಬ ಮಾತೇ ತಪ್ಪು ಎಂದು ನಾನು ವಾದಿಸುತ್ತಿಲ್ಲ. ಅದು ಸರಿ ಎಂದು ಕಂಡವಳೇ ನಾನು. ನನ್ನ ತಕರಾರು ಬೇರೆ.

ಸರ್ ಹೂವಿನ ಹಿಪ್ಪರಗಿಯವರು. ಅವರ ಅಣ್ಣನ ಮನೆಯಂಗಳದಲ್ಲಿ ಇನ್ನೂ ಒಂದು ಹಗೇವು ಬಳಕೆಯಲ್ಲಿತ್ತು. ನೆಲದೊಳಗೆ ಬಾವಿಯಂತೆ ತೋಡಿ, ಸುತ್ತ ಒಣ ದಂಟಿನ ಕಣಿಕೆ ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಹಾಕಿ ಮಣ್ಣು ಮೆತ್ತುವ ಹಳೆಯ ಪದ್ಧತಿ. ಅದನ್ನು ತೆಗೆಯುವ ದಿನ ಚರ್ಚಾತಂಡದ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದರು. ಬಂಡೆ ಸರಿಸಿದ ಕೂಡಲೇ ಬಿಸಿಯಾದ, ಹುಳಿ ಹುಳಿ ವಾಸನೆ ಮುಖಕ್ಕೆ ಬಡಿಯಿತು. ನಾನು ಬಗ್ಗಿ ನೋಡಲು ಹೋದೆ. ಸರ್ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು.

"ಸಾಯ್ತೀ! ತಗದ ಕೂಡಲೇ ಇಳದವ್ರು ಮ್ಯಾಲ ಬಂದಿಲ್ಲ. ಒಳಗ ಕೆಟ್ಟ ಗಾಳಿ ಇರ್ತದ. ಗಾಳಿಯಾಡ್ಲಿ."

ಕಾದೆವು. ಆಮೇಲೆ ಅವರ ಅಣ್ಣ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗಿಳಿಸಿದರು. ಆರದೆ ಉರಿಯಿತು, ಅಂದರೆ ಕೆಟ್ಟ ಗಾಳಿ ಹೋಗಿತ್ತು. ಆಗ ಒಬ್ಬಾಳು ಇಳಿದ. ಸರ್ ನಮ್ಮ ಕಡೆ ತಿರುಗಿ, "ತಿಳೀತಿಲ್ಲೋ? ಬರದದ್ದೂ ಹಿಂಗ. ಹಸೀ ಸಿಟ್ಟಿನ ಗಾಳಿ ಇರ್ತದ. ಹೋಗ್ಲಿ ಅದು. ಆಮ್ಯಾಲ ಇಳೀರಿ" ಎಂದರು. ಎಲ್ಲರೂ ತಲೆಯಾಡಿಸಿದರು. ನಾನು ಮಾತ್ರ ಮೇಲೆ ಬಂದ ಬುಟ್ಟಿಯ ಜೋಳ ಮೂಸಿ ನೋಡಿದೆ. ಅಂಚಿನದು ಕೆಂಪಾಗಿ ಮುಗ್ಗಲು ಹಿಡಿದಿತ್ತು.

"ಇದೇನ್ರಿ ಸರ?"

"ಅದು ಭಾಳ ದಿನ ಇತ್ತು. ಬದಿಗಿಂದು ಹಂಗ ಆಗತದ."

"ಮತ್ತ ಇದೂ ಬರದದ್ದಕ್ಕ ಹೊಂದತೈತೇನ್ರಿ?"

ಹುಡುಗರು ನಕ್ಕರು. ಸರ್ ಕೂಡ ನಕ್ಕು, "ವಕೀಲವ್ವಗ ಫೀ ಕೊಟ್ಟವ್ರು ಯಾರ್ರಿ?" ಎಂದರು. ಅಂದಿನ ಹುಡುಗಾಟದ ಪ್ರಶ್ನೆ ಅದು. ಅದನ್ನು ಮತ್ತೆ ಗಂಭೀರವಾಗಿ ಕೇಳುವ ದಿನ ಬರುತ್ತದೆಂದು ಗೊತ್ತಿರಲಿಲ್ಲ.

ಬಾಗೇವಾಡಿಗೆ ಬರುವ ಮೊದಲು ಸರ್ ಅದೇ ಸಂಸ್ಥೆಯ ಸಿಂದಗಿಯ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ಅಲ್ಲಿ ಗಣಿತ ಹೇಳುತ್ತಿದ್ದ ಒಬ್ಬರು ಅವರ ಜೀವದ ಗೆಳೆಯ. ತಲೆಮಾರುಗಳಿಂದ ಸಿಂದಗಿಯಲ್ಲೇ ಇದ್ದ ಮುಸಲ್ಮಾನರ ಮನೆತನ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಒಂದು ವರ್ಷ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯ ಲಕೋಟೆ ಹೊತ್ತಿಗೆ ಮುಂಚೆಯೇ ಒಡೆದು, ಪ್ರಶ್ನೆಗಳು ಹೊರಗೆ ಹೋದವು. ಲಕೋಟೆಗಳ ಜವಾಬ್ದಾರಿ ಚಾಚಾನದು. ಒಡೆದವರು ಬೇರೆಯವರು. ಅದನ್ನು ಕಣ್ಣಾರೆ ಕಂಡವರು ಸರ್ ಒಬ್ಬರೇ. ವಿಚಾರಣೆಯಲ್ಲಿ ಸರ್ ಬಾಯಿ ಬಿಡಲಿಲ್ಲ. ಅವರ ನೌಕರಿ ಆಗ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡಬೇಕಾದವರು ಒಡೆದವರ ಮನೆಯವರೇ. ಚಾಚಾನ ಕೆಲಸ ಹೋಯಿತು. ಮನೆಯಲ್ಲಿ ಟ್ಯೂಷನ್ ಶುರು ಮಾಡಿದರು. ಊರು ಅವರಿಗೆ "ಪೇಪರ್ ಮಾಸ್ತರ" ಎಂದು ಹೆಸರಿಟ್ಟಿತು. ಮಕ್ಕಳನ್ನು ಕಳಿಸುವವರೂ, "ಪೇಪರ್ ಮಾಸ್ತರ ಕಡೆ ಹೋಗು, ಪ್ರಶ್ನಿ ಮದ್ಲ ಹೇಳ್ತಾರ" ಎಂದು ನಗುತ್ತ ಕಳಿಸುತ್ತಿದ್ದರಂತೆ.

ಸರ್ ಗೆಳೆಯನಿಗೆ ಒಂದು ಮಾತು ಕೊಟ್ಟಿದ್ದರು: ಈಗ ಹೇಳಲಾರೆ, ಆದರೆ ನನ್ನ ಮಾಸ್ತರಿಕೆಯ ನೆನಪುಗಳನ್ನು ಪುಸ್ತಕ ಮಾಡುತ್ತೇನೆ, ಅದರಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನಿವೃತ್ತರಾಗಿ ಹಿಪ್ಪರಗಿಗೆ ಮರಳಿದ ಮೇಲೆ ಬರೆದರು. ಒಂದು ಮಧ್ಯಾಹ್ನ ಅಂಗಡಿಗೆ ಬಂದು ಕೈಬರಹದ ಕಟ್ಟನ್ನು ನನ್ನ ಮುಂದಿಟ್ಟು, "ಟೈಪ್ ಮಾಡಬ್ಯಾಡ. ಬರೇ ಓದು. ಟೈಪ್ ಆತಂದ್ರ ಪಕ್ಕಾ ಆದಂಗ" ಎಂದರು. ಅದರಲ್ಲಿ ಲಕೋಟೆಯ ಅಧ್ಯಾಯವೂ ಇತ್ತು. ಅದನ್ನು ಓದುವಾಗ ಗಿರಾಕಿ ಬಂದು ನಿಂತದ್ದು ತಿಳಿಯಲಿಲ್ಲ. ಕೊನೆಯ ಪ್ಯಾರಾ ಮತ್ತೆ ಮತ್ತೆ ಓದಿದೆ. ಚರ್ಚಾಸ್ಪರ್ಧೆಯ ಅಭ್ಯಾಸಬಲ, ಅದು ತಾನಾಗಿ ಬಾಯಿಪಾಠ ಆಯಿತು. ಚಿಕ್ಕ ಚಿಕ್ಕ ವಾಕ್ಯಗಳು. ಕಟ್ಟಕಡೆಯ ವಾಕ್ಯ ಬರೀ ಒಂದು ಶಬ್ದ.

"ಸರ, ಇದನ್ನ ಇವತ್ತ ಟೈಪ್ ಮಾಡ್ತೇನಿ."

"ಹುಚ್ಚಿ. ಶಾಯಿ ಇನ್ನೂ ಹಸೀ ಐತಿ. ಒಂದು ಹಿಂಗಾರಿ ಹೋಗ್ಲಿ."

ಅಂದರೆ ಜೋಳ ಬಿತ್ತಿ, ಬೆಳೆದು, ರಾಶಿ ಆಗುವಷ್ಟು ಕಾಲ. ಒಂದು ಹಿಂಗಾರಿ ಹೋಯಿತು. ತಿದ್ದಿದರು. ತಿದ್ದಿ ಶುದ್ಧಪ್ರತಿ ಮಾಡಿದ ಮೇಲೆ ಹಳೆಯ ಪ್ರತಿಯನ್ನು ಬಚ್ಚಲೊಲೆಗೆ ಹಾಕಿದರು. ಇದೂ ಅವರ ಪದ್ಧತಿಯೇ: "ಹಳೇದು ಇದ್ರ ಮನಸ್ಸು ಹಿಂದಕ್ಕ ಎಳೀತದ." ಮತ್ತೊಂದು ಹಿಂಗಾರಿ, ಮತ್ತೆ ತಿದ್ದು, ಮತ್ತೆ ಒಲೆ. ಅವರ ಮನೆಯ ಬಚ್ಚಲ ನೀರು ಚೆನ್ನಾಗಿ ಕಾಯುತ್ತಿತ್ತು.

ಮೊದಲು ಹೋದದ್ದು ಆ ಒಂದು ಶಬ್ದದ ವಾಕ್ಯ.

"ಯಾಕ್ರಿ ಸರ?"

"ಅದು ಚಪ್ಪಾಳಿ ಮಾತು. ಇಂಡಿ ಬಸ್ಸಿನ್ಯಾಗ ನೀನ ಹಿಂಥಾವು ಎಷ್ಟು ಹೊಡದಿಲ್ಲ?"

ಮುಂದಿನ ಸಲ ಲಕೋಟೆ ಒಡೆದವನ ಗುರುತು ಹೋಗಿ "ಪ್ರಭಾವಿ ವ್ಯಕ್ತಿಯೊಬ್ಬರು" ಬಂದರು. "ಪುಸ್ತಕ ಅಂದ್ರ ಪೊಲೀಸ್ ಠಾಣೆ ಅಲ್ಲವ್ವ. ಒಬ್ಬನ ಮ್ಯಾಲಿನ ಹಗಿ ಸಾಹಿತ್ಯ ಆಗೂದಿಲ್ಲ." ಅದೂ ಸರಿ ಅನಿಸುವ ಮಾತೇ. ಅದರ ಮುಂದಿನ ಸಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸರ್ ತಾವೇ ಮಾಯವಾದರು. "ಎಲ್ಲಾ ಕಡೆ ನಾನು ನಾನು ಅಂತ ಎದಿ ಬಡಕೊಂಡಂಗ ಕಾಣಾಕತ್ತಿತ್ತು." ಅದೂ ಸರಿ. ಗಮನಿಸಿ, ಅವರ ಒಂದೊಂದು ತಿದ್ದುಪಡಿಗೂ ಒಂದೊಂದು ಒಳ್ಳೆಯ ಕಾರಣವಿತ್ತು. ಒಂದೊಂದು ಸಲವೂ ಗದ್ಯ ಮೊದಲಿಗಿಂತ ತಿಳಿಯಾಗುತ್ತಿತ್ತು. ನಾನು ಪ್ರತಿ ಸುತ್ತಿನಲ್ಲೂ ಸೋತೆ.

ಚಾಚಾ ಕಾಯುತ್ತಿದ್ದರು. ನಾನು ಸರ್ ಜೊತೆ ಸಿಂದಗಿಗೆ ಹೋದಾಗ ಬಾಗಿಲಲ್ಲೇ ಅವರ ಕೂಗು ಕೇಳುತ್ತಿತ್ತು: "ಬಾರಪಾ ಸಾಹಿತಿ! ನನ್ನ ಜ್ವಾಳ ಇನ್ನೂ ಹಸೀ ಐತೇನೋ?"

"ಗಾಳಿಯಾಡಾಕತ್ತೈತಿ ದೋಸ್ತ" ಎಂದು ಸರ್ ನಗುವರು.

"ನನಗ ದಮ್ಮು ಹತ್ತಾಕತ್ತೈತಿ, ಗಾಳಿ ಇತ್ತಾಗೂ ಸ್ವಲ್ಪ ಬಿಡು."

ಇಬ್ಬರೂ ನಗುತ್ತಿದ್ದರು. ಚಾಚಿ ನಗುತ್ತಿರಲಿಲ್ಲ. ಸರ್ ಮುಂದೆ ಚಹಾ ಕುಕ್ಕಿ ಇಟ್ಟು ಒಳಗೆ ಹೋಗುತ್ತಿದ್ದರು. ಸರ್ ಅದನ್ನೂ ಆರಿಸಿಕೊಂಡೇ ಕುಡಿಯುತ್ತಿದ್ದರು.

ಒಮ್ಮೆ ನಾನೊಬ್ಬಳೇ ಹೋದಾಗ ಚಾಚಾ ಹಾಸಿಗೆ ಹಿಡಿದಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು, "ನಿಮ್ಮ ಸರ್ ನನ್ನನ್ನ ಹಗೇವಿನ್ಯಾಗ ಇಟ್ಟಾರ ತಂಗಿ. ಬಂಡೆಗಲ್ಲು ತಗದಾರ, ಮ್ಯಾಲ ನಿಂತ ಗಾಳಿಯಾಡ್ಲಿ ಅನ್ನಾಕತ್ತಾರ. ದೀಪ ಮಾತ್ರ ಇಳಸವಲ್ರು" ಎಂದರು. ಸಿಟ್ಟಿನಿಂದ ಅಲ್ಲ, ಲೆಕ್ಕ ಬಿಡಿಸಿ ಉತ್ತರ ಹೇಳಿದಂತೆ.

ಅಲ್ಲಿಂದ ನೇರ ಹಿಪ್ಪರಗಿಗೆ ಹೋದೆ. ಸರ್ ಕಟ್ಟೆಯ ಮೇಲೆ ಬಸಿ ಹಿಡಿದು ಕೂತಿದ್ದರು.

"ಸರ, ಪುಸ್ತಕ ನಂತರ ಆಗ್ಲಿ. ಆ ಒಂದು ಅಧ್ಯಾಯ ಕೊಡ್ರಿ. ಟೈಪ್ ಮಾಡಿ ಚಾಚಾಗ ಓದಿ ಹೇಳಿ ಬರ್ತೇನಿ. ಮೊದಲಿಂದು ಹೆಂಗಿತ್ತೋ ಹಂಗ ಮತ್ತ ಬರದು ಕೊಡ್ರಿ."

"ಮೊದಲಿಂದು ಒರಟು ಇತ್ತವ್ವ."

"ಇರ್ಲಿರಿ. ನಡದದ್ದೂ ಒರಟ ಇತ್ತು."

"ಸಿಟ್ಟಿನ್ಯಾಗ ಬರದದ್ದು ಅದು."

"ಸಿಟ್ಟು ಬರೂ ಹಂಗ ನಡದಿತ್ತಲ್ರಿ! ಅನ್ಯಾಯ ಆರಿ ತಣ್ಣಗಾತಂದ್ರ ಅದು ನ್ಯಾಯ ಆಗತೈತೇನ್ರಿ?"

ಅವರು ಬಸಿಯನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, "ಮೊಮ್ಮಗಳಿಗೆ ಸಂಸ್ಥಾದಾಗ ಈಗಷ್ಟ ನೌಕರಿ ಆಗೇತಿ. ಇನ್ನೂ ಕಾಯಂ ಆಗಿಲ್ಲ" ಎಂದರು.

ಬರಹದ ಕಲೆಯ ಬಗ್ಗೆ ಅವರಿಂದ ನಾನು ಕೇಳಿದ ಮಾತುಗಳಲ್ಲಿ ನೂರಕ್ಕೆ ನೂರು ನಿಜವಾದದ್ದು ಅದೊಂದೇ. ಅಷ್ಟು ವರ್ಷ ಶೈಲಿ, ಸಂಯಮ, ಮಾಗುವುದು ಎಂದೆಲ್ಲ ವಾದಿಸಿದೆವಲ್ಲ, ಆ ಎಲ್ಲ ಸುತ್ತುಗಳಲ್ಲೂ ಎದುರಾಳಿ ಬೇರೆ ಕಡೆಯೇ ಕೂತಿದ್ದ. ಮೊದಲೇ ಹೇಳಿದ್ದರೆ ನನ್ನ ಗಂಟಲಾದರೂ ಉಳಿಯುತ್ತಿತ್ತು.

ಹೇಡಿ ಎಂದು ಒಂದೇ ಶಬ್ದದಲ್ಲಿ ಮುಗಿಸಬಹುದು. ಆದರೆ ಎದುರಾಳಿಯನ್ನು ಅಗ್ಗದಲ್ಲಿ ಸೋಲಿಸಬೇಡ ಎಂದು ಕಲಿಸಿದವರೂ ಅವರೇ. ಬರೆಯುವುದಕ್ಕೆ ಅವರಿಗೆ ಧೈರ್ಯವಿತ್ತು. ಇಲ್ಲದಿದ್ದರೆ ಆ ಮೊದಲ ಪ್ರತಿ ಹುಟ್ಟುತ್ತಲೇ ಇರಲಿಲ್ಲ. ಬರೆದ ಮರುದಿನ ಆ ಧೈರ್ಯ ಇಳಿಯುತ್ತಿತ್ತು. ಇಳಿದದ್ದಕ್ಕೆ ತಿದ್ದುವುದು ಎಂದು ಹೆಸರಿಡುತ್ತಿದ್ದರು. ನನಗೆ ಒಳ್ಳೆಯದು ಮಾಡಿದ ಉಪಾಯವನ್ನೇ ಅವರು ಅಡಗಿಕೊಳ್ಳಲು ಬಳಸಿದರಲ್ಲ, ನನ್ನ ಕಹಿ ಇರುವುದು ಅಲ್ಲಿ.

ಆ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಮಣ್ಣಿಗೆ ಬಂದ ಸರ್ ಕೆಟ್ಟದಾಗಿ ಅತ್ತರು. ಆ ಅಳು ಸುಳ್ಳಲ್ಲ. ಆಮೇಲೆ ಬಹಳ ಬೇಗ ಹಸ್ತಪ್ರತಿ ಮಾಗಿತು.

ಅದನ್ನು ಟೈಪು ಮಾಡಿದವಳು ನಾನೇ. ಲಕೋಟೆಯ ಅಧ್ಯಾಯ ಇದ್ದಲ್ಲಿ ಗೆಳೆತನದ ಬಗ್ಗೆ ಅಚ್ಚುಕಟ್ಟಾದ ಪುಟಗಳಿದ್ದವು: ಇಬ್ಬರೂ ಸೈಕಲ್ ಮೇಲೆ ಹೋಗುತ್ತಿದ್ದದ್ದು, ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದದ್ದು. ನಡುವೆ ಒಂದು ಸಾಲು: "ಆ ದಿನಗಳ ಒಂದು ಅಹಿತಕರ ಘಟನೆಯಿಂದ ಅವನು ಶಾಲೆ ಬಿಡಬೇಕಾಯಿತು." ಬೆರಳು ನಿಂತಿತು. ಫೋನ್ ಮಾಡಿದೆ.

"ಸರ, ಇಷ್ಟನ್ರಿ?"

"ಇಷ್ಟ ಸಾಕವ್ವ. ತಿಳಿಯೂವ್ರಿಗೆ ತಿಳೀತದ."

"ತಿಳಿದವ್ರಿಗೆ ಮೊದಲ ತಿಳಿದೈತ್ರಿ. ತಿಳೀಲಾರದವ್ರಿಗೆ ಬರೀರಿ."

ಫೋನ್ ಇಟ್ಟರು.

ಬಿಡುಗಡೆ ಮುದ್ದೇಬಿಹಾಳದಲ್ಲಿ ಆಯಿತು, ಅದೇ ಸಂಸ್ಥೆಯ ಸಭಾಭವನದಲ್ಲಿ. ಬಿಡುಗಡೆ ಮಾಡಿದವರು ಈಗಿನ ಅಧ್ಯಕ್ಷರು, ನುಡಿನಮನದಲ್ಲಿ ಕಣ್ಣೊರೆಸಿಕೊಂಡರಲ್ಲ, ಅವರು. ಆ ದಿನ ಲಕೋಟೆ ಒಡೆದವರು ಅವರೇ. ಆಗ ಅವರು ಅಂದಿನ ಅಧ್ಯಕ್ಷರ ಅಳಿಯ. ಬಣ್ಣದ ಕಾಗದ ಸುತ್ತಿದ ಪುಸ್ತಕವನ್ನು ಅವರು ನಗುನಗುತ್ತ ಹರಿದು ತೆಗೆದರು. ಒಡೆಯುವುದು ಅವರಿಗೆ ರೂಢಿ. ಚಾಚಿಯನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದರು. ಹೊದಿಸಿದವರೂ ಅವರೇ. ಚಾಚಿ ಆ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದು ಹೋದರು. ಮರೆತು ಹೋದರೆಂದು ಯಾರೋ ಅದನ್ನು ಎತ್ತಿಕೊಂಡು ಹಿಂದೆ ಓಡಿದರು.

ಸರ್ ಜೊತೆ ನನ್ನ ಕೊನೆಯ ಮಾತು ಆ ದಿನದ್ದೇ.

"ಏನು ಉಳೀತ್ರಿ ಸರ ಅದರಾಗ?"

"ಗದ್ಯ ಉಳೀತಲ್ಲವ್ವ. ಸಾಲು ಸಾಲು ನೋಡು. ಒಂದ ತಪ್ಪು ಹುಡುಕು."

"ಸಾಲಿನ್ಯಾಗ ಇಲ್ರಿ ತಪ್ಪು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗೆದ್ದಿ ವಕೀಲವ್ವ" ಎಂದರು. ಅವರನ್ನು ನಾನು ಸೋಲಿಸಿದ್ದು ಅದೊಂದೇ ಸಲ. ಏನು ಪ್ರಯೋಜನ? ತೀರ್ಪು ಕೇಳಬೇಕಾದವರು ಇರಲಿಲ್ಲ.

ನುಡಿನಮನ ಮುಗಿಸಿ ಇವತ್ತು ಸಿಂದಗಿಗೆ ಹೋಗಿದ್ದೆ. ಚಾಚಿ ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಸಭೆಯಲ್ಲಿ ಯಾರು ಏನು ಅಂದರು ಎಂದು ಕೇಳಿದರು. ಹೇಳಿದೆ. ತಪಸ್ವಿ ಎಂಬ ಮಾತು ಬಂದಾಗ ಮೊರ ಸ್ವಲ್ಪ ಜೋರಾಗಿ ಕೇರಿದರು.

"ಮೊದಲ ಬರದದ್ದು ನೀ ಓದೀದಿ ಅಲ್ಲ? ನಿಮ್ಮ ಚಾಚಾ ಹೇಳತಿದ್ರು. ಏನ್ ಬರದಿದ್ರವ್ವ ಅದರಾಗ?"

"ಪೂರಾ ನೆನಪಿಲ್ಲ ಚಾಚಿ. ಕಡೀದು ಬಾಯಾಗ ಐತಿ."

"ಅನ್ನು."

ಹೇಳಿದೆ. ಚಾಚಿ ಮೊರ ಕೆಳಗಿಟ್ಟರು. ಎದ್ದು ಹೋಗಿ ಬೀದಿಯ ಬಾಗಿಲಿನ ಎರಡೂ ಕದ ತೆಗೆದರು. ಹೊರಗೆ ಕಟ್ಟೆಯ ಮೇಲೆ ಓಣಿಯವರು ಕೂತಿದ್ದರು.

"ಇನ್ನೊಮ್ಮೆ ಅನ್ನು. ಸ್ಪರ್ಧಾದಾಗ ಹೆಂಗ ಹೇಳತಿದ್ದಿ, ಹಂಗ ಜೋರಲೆ. ಓಣಿಗೆ ಕೇಳ್ಲಿ."

ಹೊಸ್ತಿಲಲ್ಲಿ ನಿಂತೆ. ಕಟ್ಟೆಯವರು ಈ ಕಡೆ ತಿರುಗಿದರು. ಸರ್ ಬರೆದದ್ದನ್ನು ಒಂದಕ್ಷರವೂ ತಿದ್ದದೆ ಹೇಳಿದೆ:

"ಲಕೋಟೆ ಒಡೆದದ್ದು ನನ್ನ ಗೆಳೆಯನಲ್ಲ. ಅಧ್ಯಕ್ಷರ ಅಳಿಯ. ನಾನು ಬಾಗಿಲಲ್ಲಿ ನಿಂತು ನೋಡಿದೆ. ವಿಚಾರಣೆಯಲ್ಲಿ ಕೇಳಿದಾಗ ನನಗೆ ನೆನಪಿಲ್ಲ ಎಂದೆ.

ನೆನಪಿತ್ತು."